ಸ್ಕ್ರೂ ತಿರುವಿದ್ರ ರೋಗ ಹೋಗಂಗಿಲ್ಲ

ನಮ್ಮ ಓಣ್ಯಾಗ ಹದಿನೈದು ದಿವಸದಿಂದ ಒಂದ ಮಾತು ತಿರಗಲಿಕ್ಕತ್ತದ. ಅರವತ್ತರ ಹೆಂಗಸು ಹಿತ್ತಲದಾಗ ಮಣಿ ಹಾಕ್ಕೊಂಡು ಕೂತು ಸ್ಕೂಟರಿನ ಕಾರ್ಬೊರೇಟರ್ ಬಿಚ್ಚಿದಳಂತ, ಕೈಯೆಲ್ಲಾ ಎಣ್ಣಿ ಮಾಡ್ಕೊಂಡಿದ್ದಳಂತ, ಗಂಡ ಕುರ್ಚ್ಯಾಗ ಕೂತು ಚಹಾ ಕುಡಕೋತ ನೋಡ್ತಿದ್ದನಂತ. ಹೌದ್ರಿ, ಖರೆ. ಆ ಹೆಂಗಸು ನಾನ. ಚಹಾ ಮಾತ್ರ ಅವತ್ತು ಅವರ ಮಾಡ್ಕೊಂಡಿದ್ರು, ಅದನ್ನ ಯಾರೂ ಹೇಳಿಲ್ಲ.

ಬೆನ್ನ ಹಿಂದ ಮಾತಾಡೂದಕಿಂತ ಎದರಿಗೇ ಓದ್ರಿ ಅಂತ ಬರೀಲಿಕ್ಕತ್ತೀನಿ. ನಂದೊಂದು ತಕರಾರು ಅದ. ಗಂಡಸರ ಮ್ಯಾಲೆ ಸ್ವಲ್ಪ, ಮಿಸ್ತ್ರಿ ಮ್ಯಾಲೆ ಸ್ವಲ್ಪ, ಉಳದದ್ದೆಲ್ಲಾ ನಮ್ಮ ಮ್ಯಾಲೇನ.

ಗಾಡಿ ಯಾವುದು ಅಂತ ನಿಮಗೆಲ್ಲಾ ಗೊತ್ತದ. 1988ರಾಗ ನನ್ನ ಮದವಿಯೊಳಗ ನಮ್ಮಪ್ಪ ಕೊಟ್ಟ ಚೇತಕ್. ಬಜಾಜ್‌ನವರು 1972ರಾಗ ರಾಣಾ ಪ್ರತಾಪನ ಕುದರಿ ಹೆಸರಿಟ್ಟು ಆ ಗಾಡಿ ತೆಗದ್ರು. ಹೆಸರು ಬರಸಿ ವರ್ಷಗಟ್ಟಲೆ ಕಾಯೂ ಕಾಲ ಅದು. ನಾ ಕಾಲೇಜಿಗೆ ಹೋಗೂ ಮುಂದ ನಮ್ಮಪ್ಪ ಹೆಸರು ಬರಸಿದ್ದ. ಗಾಡಿನೂ ಬಂತು, ವರನೂ ಬಂದ. ಉಡುಗೊರೆ ಅಂತ ಕರದ್ರು. ಅದರ ಖರೆ ಹೆಸರು ಏನಂತ ಕೊಟ್ಟವರಿಗೂ ಗೊತ್ತಿತ್ತು, ತೊಗೊಂಡವರಿಗೂ ಗೊತ್ತಿತ್ತು. ರೊಕ್ಕ ನಮ್ಮಪ್ಪಂದು, ಚಾವಿ ಗಂಡಂದು, ನಂದು ಹಿಂದಿನ ಸೀಟು. ಅದೂ ಒಂದ ಕಡೆ ಕಾಲು ಹಾಕ್ಕೊಂಡು, ಸೆರಗು ಗಾಲಿಗೆ ಸಿಗಧಂಗ ಹಿಡಕೊಂಡು. ನಿಮ್ಮೊಳಗ ಎಷ್ಟು ಮಂದಿ ಅಪ್ಪಂದಿರು ಹಿಂಗ ಗಾಡಿ ಕೊಟ್ಟಾರ, ಎಷ್ಟು ಮಂದಿ ಕೈಯಾಗ ಅದರ ಚಾವಿ ಬಂದದ, ಕೂತು ಲೆಕ್ಕ ಹಾಕ್ರಿ.

ನನ್ನ ಕೈಗೆ ಚಾವಿ ಬಂದದ್ದು ನಮ್ಮನಿಯವರ ಮೊಣಕಾಲು ಕಿಕ್ ಹೊಡೀಲಿಕ್ಕೆ ಆಗೂದಿಲ್ಲ ಅಂದ ಮ್ಯಾಲೆ. ಆವಾಗ ನನಗ ನಾಲ್ವತ್ತಾರು. ಕರ್ನಾಟಕ ಕಾಲೇಜಿನ ಮೈದಾನದಾಗ ಮುಂಜಾನೆದ್ದು ಹೋಗಿ ಕಲ್ತೆ. ಗೇರ್ ಗಾಡಿ ಲೈಸನ್ಸೂ ಅದ, ಗಾಡಿಗೆ ಐದು ವರ್ಷಕ್ಕೊಮ್ಮೆ ಆಗಬೇಕಾದ ರಿಜಿಸ್ಟ್ರೇಷನ್ನೂ ಮಾಡ್ಸೀನಿ. ಕಾಯಪಲ್ಲೆಕ್ಕ ಲೈನ್ ಬಜಾರ, ಮೊಮ್ಮಗಳ ಸಾಲಿ, ಗುಡಿ, ದವಾಖಾನಿ, ಎಲ್ಲಾದಕ್ಕೂ ಇದ ಗಾಡಿ. ಇದು ನಿಂತ್ರ ನಾ ನಿಂತಂಗ. ಆಟೋದವನ ಕಡೆ ಚೌಕಾಶಿ ಮಾಡ್ಕೋತ, ಇಲ್ಲಾ ಮಗನಿಗೆ ಯಾವಾಗ ಪುರಸೊತ್ತು ಆಗ್ತದೋ ಅಂತ ಬಾಗಲಾ ನೋಡ್ಕೋತ ಕೂಡಬೇಕು. ಹಂಗ ಕೂತು ಸಾಕಾಗೇದ.

ಈ ವರ್ಷ ಮಳಿಗಾಲ ಸುರು ಆಗೂ ಮುಂದ ಗಾಡಿಗೆ ಒಂದು ರೋಗ ಹತ್ತಿತು. ಓಡೂ ಮುಂದ ಛಲೋ ಓಡ್ತದ, ನಿಂದ್ರಿಸಿದ್ರ ಸಾಯ್ತದ. ಸಿಗ್ನಲ್ಲಿನ್ಯಾಗ ಆಕ್ಸಿಲರೇಟರ್ ಬಿಟ್ರ ಸಾಕು, ಡುಗ್ ಡುಗ್ ಅಂತ ಎರಡು ಸಲ ಮುಗ್ಗರಿಸಿ ಆರಿ ಹೋಗೂದು. ಹಿಂದಿನವರು ಹಾರ್ನ್ ಹೊಡೀಲಿಕ್ಕೆ ಸುರು. "ಅಜ್ಜಿ, ಮನ್ಯಾಗ ಕೂಡೂದು ಬಿಟ್ಟು" ಅಂತ ಒಬ್ಬ ಹುಡುಗ ಅಂದ. ಅದನ್ನೂ ಕೇಳಿಸ್ಕೊಂಡೆ.

"ಆಕ್ಸಿಲರೇಟರ್ ಹಿಡಕೊಂಡ ನಿಂದ್ರಬೇಕವಾ, ಹಳೇ ಗಾಡಿ ಹಂಗ" ಅಂತ ಎಲ್ಲಾರೂ ಬುದ್ಧಿ ಹೇಳಿದ್ರು. ಈ ಬುದ್ಧಿ ಹೇಳಿದವರು ಒಮ್ಮೆ ಚೇತಕ್ ಹಿಡಿ ನೋಡಬೇಕು. ಎಡಗೈಯಾಗ ಕ್ಲಚ್ಚು ಮತ್ತ ಗೇರು. ಬಲಗೈಯಾಗ ಆಕ್ಸಿಲರೇಟರು ಮತ್ತ ಮುಂದಿನ ಬ್ರೇಕು. ಒಂದ ಕೈಗೆ ಎರಡು ಕೆಲಸ. ಗಾಡಿ ಸಾಯಬಾರದು ಅಂತ ಕೈ ತಿರುವಿ ಹಿಡಕೊಂಡ್ರ ಅದ ಕೈಲೆ ಬ್ರೇಕ್ ಹೆಂಗ ಒತ್ತೂದು? ಏರಿನ ಮ್ಯಾಲೆ ನಿಂತಾಗ ಬಲಗಾಲು ಹಿಂದಿನ ಬ್ರೇಕಿನ ಮ್ಯಾಲೆ ಇರ್ತದ, ಎಡಗಾಲ ಮ್ಯಾಲೆ ಗಾಡಿ ಭಾರ ಎಲ್ಲಾ. ಧಾರವಾಡದಾಗ ಸಪಾಟ ರಸ್ತಾ ಎಷ್ಟು ಅವ ಹೇಳ್ರಿ. ಹಂಗಾಗಿ ನಿಂತಲ್ಲೆ ನೆಟ್ಟಗ ನಡೀಲಾರದ ಎಂಜಿನ್ನು ಬರೇ ಕಿರಿಕಿರಿ ಅಲ್ಲ, ಅಪಾಯ. ಅದಕ್ಕ ಹೊಂದ್ಕೊಂಡು ಹೋಗು ಅನ್ನೂದು ಬುದ್ಧಿಮಾತಲ್ಲ.

ಮಿಸ್ತ್ರಿ ಕಡೆ ಹೋದೆ. ಅಂವ ನನ್ನ ಮಾರಿನೂ ನೋಡಲಿಲ್ಲ, ಜೊತಿಗೆ ಬಂದಿದ್ದ ಹತ್ತನೇತ್ತಾ ಓದೂ ತಂಗಿ ಮೊಮ್ಮಗನ ಕಡೆ ತಿರುಗಿ "ಏನಾಗೇದಪಾ ಗಾಡಿಗೆ" ಅಂತ ಕೇಳಿದ. ಆ ಹುಡುಗಗ ಸೈಕಲ್ ಪಂಕ್ಚರ್ ಹಾಕಲಿಕ್ಕೂ ಬರಂಗಿಲ್ಲ. ನಾ ಹೇಳೂದರಾಗ ಮಿಸ್ತ್ರಿ ಸ್ಕ್ರೂ ಡ್ರೈವರ್ ತೊಗೊಂಡು, ಒಳಗಿನ ಡಬ್ಬಿ ಮ್ಯಾಲಿನ ರಬ್ಬರ್ ಬಿರಡಿ ತೆಗದು, ಐಡಲ್ ಸ್ಕ್ರೂ ಎರಡು ಸುತ್ತು ತಿರುವಿದ. ಗಾಡಿ ಭರ್ ಅಂತ ಕೂಗಲಿಕ್ಕೆ ಹತ್ತಿತು. "ಆತ್ರಿ, ಇನ್ನ ಬಂದ್ ಆಗಂಗಿಲ್ಲ" ಅಂದ. ಒಂದ ನಿಮಿಷದ ಕೆಲಸ, ಐವತ್ತು ರೂಪಾಯಿ.

ಮರುದಿನ ನಮ್ಮ ನಾದಿನೀನ್ನ ಕಣ್ಣಿನ ದವಾಖಾನಿಗೆ ಕರಕೊಂಡು ಹೊಂಟಿದ್ದೆ. ಮೋತಿಬಿಂದು ಆಪರೇಷನ್ ಆಗಿ ಎಂಟು ದಿನ ಆಗಿತ್ತು, ಕರೇ ಚಸ್ಮಾ ಹಾಕ್ಕೊಂಡು ಹಿಂದ ಕೂತಿದ್ಲು. ಜುಬಿಲಿ ಸರ್ಕಲ್‌ದಾಗ ನಿಂತೆ. ಗಾಡಿ ಬಂದ್ ಆಗಲಿಲ್ಲ, ಭರ್ ಅಂತ ಕೂಗ್ತಾನ ಇತ್ತು. ಸಿಗ್ನಲ್ ಬಿಟ್ಟಿತು, ಮೊದಲನೇ ಗೇರ್ ಹಾಕಿದೆ. ಕ್ಲಚ್ ಪೂರ್ತಿ ಬಿಡೂಕಿಂತ ಮೊದಲ ಗಾಡಿ ಕುದರಿ ಹಂಗ ಮುಂದ ಜಿಗೀತು. ನಾದಿನಿ ಹಿಂದಕ್ಕ ವಾಲಿ ಬಾಜೂಕಿನ ಆಟೋದ ಸರಳು ಹಿಡದ್ಲು, ಅದಕ್ಕ ಉಳದ್ಲು. ಮೊಣಕೈ ತರಚಿತು, ಎರಡು ಬಳಿ ಒಡದ್ವು. ಆಟೋ ಇರಲಿಲ್ಲ ಅಂದ್ರ? ಆಪರೇಷನ್ ಆದ ಕಣ್ಣು. ನನಗ ಅವತ್ತು ರಾತ್ರಿ ನಿದ್ದಿ ಹತ್ತಲಿಲ್ಲ.

ಮನಿಗೆ ಬಂದ್ರ ತೀರ್ಪು ತಯಾರಿತ್ತು. "ಹೆಣ್ಮಕ್ಕಳಿಗೆ ಗೇರ್ ಗಾಡಿ ಹೊಂದಂಗಿಲ್ಲ." ಮೈದುನ ಅಂದ, ಮಗ ಅಂದ, ಕಡೀಕೆ ನಾದಿನಿನೂ ಅಂದ್ಲು. ಆಕಿ ಇದನ್ನ ಓದ್ತಾಳ, ಓದಲಿ. ಸ್ಕ್ರೂ ತಿರುವಿದವನ ಹೆಸರು ಒಬ್ಬರೂ ಎತ್ತಲಿಲ್ಲ. ಎರಡನೇ ಸಲ ಗ್ಯಾರೇಜಿಗೆ ಹೋದಾಗ ಅಂವ ಹೊಸಾ ಕಾರ್ಬೊರೇಟರ್ ಹಾಕಬೇಕಾಗ್ತದ, 2,800 ಅಂದ. ಗುಜರಿಯವನೂ ಮನಿ ಮುಂದ ಬಂದು ನಿಂತ. ಮಗ ರೇಟು ಕೇಳಲಿಕ್ಕೂ ಹತ್ತಿದ.

ಈಗ ನನ್ನ ತಕರಾರು ಕೇಳ್ರಿ. ಆ ಐಡಲ್ ಸ್ಕ್ರೂ ಏನು ಮಾಡ್ತದ? ಆಕ್ಸಿಲರೇಟರ್ ಪೂರ್ತಿ ಬಿಟ್ಟಾಗೂ ಒಳಗಿನ ಬಾಗಲಾ ಎಷ್ಟು ತೆರದಿರಬೇಕು ಅಂತ ಅಷ್ಟ ಹೇಳ್ತದ. ಅದನ್ನ ತಿರುವೂದಂದ್ರ ನೀವು ಕೈಲೆ ಹಿಡಕೊಂಡು ನಿಂದ್ರೂ ಬದಲಿ ಸ್ಕ್ರೂ ಹಿಡಕೊಂಡು ನಿಂದ್ರತದ. ರೋಗ ಅಲ್ಲೇ ಇರ್ತದ. ಜ್ವರ ಬಂದ ಕೂಸಿಗೆ ದೊಡ್ಡ ದನಿಲೆ ಜೋಗುಳ ಹಾಡಿ ಅಳೂದು ಕೇಳಸಧಂಗ ಮಾಡಿದಂಗ. ಮ್ಯಾಲಾಗಿ ಗೇರ್ ಹಾಕಿದ್ರ ಜಿಗೀತದ, ನಿಂತಲ್ಲೆ ಪೆಟ್ರೋಲ್ ಕುಡೀತದ, ಎಂಜಿನ್ ಸುಮ್ನ ಕಾಯ್ತದ.

ರೋಗ ಎಲ್ಲೆ ಅದ ಅಂತ ಗಾಡಿನ ಹೇಳಿತ್ತು. ಓಡೂ ಮುಂದ ಛಲೋ, ನಿಂತ್ರ ಸಾಯ್ತದ. ಕಾರ್ಬೊರೇಟರಿನ್ಯಾಗ ಜೆಟ್ ಅಂತ ಹಿತ್ತಾಳಿ ತೂತಿನ ಮಳಿ ಇರ್ತಾವ. ದೊಡ್ಡ ಜೆಟ್ಟು ಗಾಡಿ ಓಡೂ ಮುಂದ ಪೆಟ್ರೋಲ್ ಕೊಡೂದು. ಸಣ್ಣ ಜೆಟ್ಟು, ಪೈಲಟ್ ಅಂತಾರ, ನಿಂತಾಗ ಕೊಡೂದು. ಓಡೂದು ಸರಿ ಅದ ಅಂದ್ರ ದೊಡ್ಡದು ಸರಿ ಅದ. ನಿಂತ್ರ ಸಾಯ್ತದ ಅಂದ್ರ ಸಣ್ಣದರಾಗ ಕಸ ಸಿಕ್ಕಿರಬೇಕು. ಆ ತೂತು ಹೆಚ್ಚುಕಡಿಮಿ ಅರ್ಧ ಮಿಲಿಮೀಟರ್. ಹಳೇ ಟಾಕಿ ತುಕ್ಕು, ಒಣಗಿದ ಆಯಿಲ್ ಜಿಗಟು, ಒಂದು ಕಣ ಸಾಕು. ಈಗಿನ ಪೆಟ್ರೋಲಿನ್ಯಾಗ ಶೇಕಡಾ 20 ಎಥೆನಾಲ್ ಬೆರಸ್ತಾರ, ಅದು ಗಾಳ್ಯಾಗಿನ ನೀರು ಎಳಕೋತದ. ಹಳೇ ಗಾಡಿ ತಿಂಗಳಗಟ್ಟಲೆ ನಿಂದ್ರಿಸಿದ್ರ ಕಸ ಇನ್ನೂ ಜಾಸ್ತಿ.

ಇಷ್ಟು ತಿಳದ ಮ್ಯಾಲೆ ನನಗ ನಗಿ ಬಂತು. ಯಾಕಂದ್ರ ಇದು ನಮ್ಮ ಪಂಪ್ ಸ್ಟೋ!

ನೆನಪದ ಇಲ್ಲೋ? ಹಿತ್ತಾಳಿ ಟಾಕಿ, ರೇಷನ್ ಚಿಮಣಿ ಎಣ್ಣಿ, ಪಂಪ್ ಹೊಡದ್ರ ಭುಸ್ ಅನ್ನೂದು. ಒಂದು ದಿನ ಉರಿ ಹಳದಿ ಆಗಿ ಫಟ್ ಫಟ್ ಅನ್ನೂದು, ಭಾಂಡಿ ತಳ ಕರ್ರಗ ಆಗೂದು. ಆವಾಗ ಯಾರನ್ನ ಕರೀತಿದ್ವಿ? ಯಾರನ್ನೂ ಇಲ್ಲ. ಸ್ಟೋ ಪಿನ್ ತೊಗೊಂಡು ನಿಪ್ಪಲ್ಲಿನ ತೂತಿಗೆ ಚುಚ್ಚಿ, ಎರಡು ಪಂಪ್ ಹೊಡದು, ಮತ್ತ ಹಚ್ಚಿ ಅನ್ನಕ್ಕ ಇಡ್ತಿದ್ವಿ. ಕಂಕಳಾಗ ಕೂಸು ಇಟಗೊಂಡು ಮಾಡೀವಿ. ಗ್ಯಾಸ್ ಬಂದ ಮ್ಯಾಲೆನೂ ಉರಿ ಹಳದಿ ಆದ್ರ ಬರ್ನರ್ ತೊಳದು, ಗಾಳಿ ಹೋಗೂ ದಾರಿ ನೋಡ್ತೀವಿ. ಎಣ್ಣಿ ಎಷ್ಟು, ಗಾಳಿ ಎಷ್ಟು, ಉರಿ ಬಣ್ಣ ಏನು ಅಂತ ನಲವತ್ತು ವರ್ಷ ದಿನಾ ಮೂರು ಹೊತ್ತು ನೋಡಿದ ಕಣ್ಣು ನಮ್ಮವು. ಕಾರ್ಬೊರೇಟರ್ ಮಾಡೂದೂ ಅದ, ಪೆಟ್ರೋಲಿಗೆ ಗಾಳಿ ಬೆರಸೂದು. ವರ್ಷಗಟ್ಟಲೆ ಗಾಡಿ ಹೊಡದ ನಮ್ಮನಿಯವರು ಒಮ್ಮೆನೂ ಆ ಡಬ್ಬಿ ಮುಚ್ಚಳಾ ತೆರದು ನೋಡಿಲ್ಲ. ಅವರಿಗೆ ಇದು ತಿಳೀತದ, ನನಗ ತಿಳಿಯಂಗಿಲ್ಲ ಅಂತ ಯಾರು ಬರದಿಟ್ಟಾರ?

ನಾ ಮಾಡಿದ್ದು ಇಷ್ಟ. ಮೊದಲು ಪ್ಲಗ್ ಬಿಚ್ಚಿ ನೋಡಿದೆ, ಕಂದು ಬಣ್ಣ ಒಣಾ ಇತ್ತು. ಕರ್ರಗ ಹಸಿ ಇದ್ದಿದ್ರ ಪೆಟ್ರೋಲ್ ಜಾಸ್ತಿ ಆಗ್ತದ ಅಂತ ಅರ್ಥ, ಆವಾಗ ಫ್ಲೋಟಿನ ಸೂಜಿ ಮತ್ತ ಜಾಳಗಿ ನೋಡಬೇಕು. ಆಮ್ಯಾಲೆ ಪೆಟ್ರೋಲ್ ಕಾಕ್ ಬಂದ್ ಮಾಡಿ, ಗಾಡಿ ತಾನಾಗೇ ಆರೂ ತನಕ ಬಿಟ್ಟು, ಪೂರ್ತಿ ಥಣ್ಣಗಾಗಲಿಕ್ಕೆ ಬಿಟ್ಟೆ. ಬಲಗಡೆ ಹೊಟ್ಟಿ ತೆಗದ್ರ ಒಳಗ ಕಾರ್ಬೊರೇಟರಿನ ಡಬ್ಬಿ ಕಾಣ್ತದ. ಮುಚ್ಚಳಕ್ಕ ಎರಡು ಸ್ಕ್ರೂ. ಒಳಗ ಗಾಳಿ ಸೋಸೂ ತಂತಿ ಜಾಳಗಿ, ಅದಕ್ಕ ಎರಡು ಸ್ಕ್ರೂ. ಜಾಳಗಿ ಎತ್ತಿದ್ರ ಜೆಟ್ಟುಗಳು ಮ್ಯಾಲೇ ಕಾಣ್ತಾವ, ಕಾರ್ಬೊರೇಟರ್ ಪೂರ್ತಿ ಇಳಸೂದೂ ಬ್ಯಾಡ. ಅಂದ್ರ ಓಣ್ಯಾಗಿನ ಸುದ್ದಿ ಅರ್ಧ ಸುಳ್ಳ. ಬಿಚ್ಚಿದ್ದು ಮುಚ್ಚಳಾ, ಜಾಳಗಿ, ಒಂದು ಜೆಟ್ಟು. ಬಿಚ್ಚಿದ್ದೆಲ್ಲಾ ತೆಗದ ಕ್ರಮದಾಗ ಬಿಳೇ ಅರವಿ ಮ್ಯಾಲೆ ಸಾಲಾಗಿ ಇಟ್ಟೆ. ಗಣಪತಿ ಪೂಜಾ ಸಾಮಾನು ಇಟ್ಟಂಗ, ಒಂದೂ ತಪ್ಪಂಗಿಲ್ಲ.

ಸಣ್ಣ ಜೆಟ್ ತೆಗದು ಆಕಾಶಕ್ಕ ಹಿಡದೆ. ಬೆಳಕ ಇಲ್ಲ, ಕತ್ತಲಿ. ಅಲ್ಲಿತ್ತು ನಮ್ಮ ರೋಗ.

ಇಲ್ಲೊಂದು ಮಾತು ಗಟ್ಟಿ ನೆನಪಿಡ್ರಿ. ಸ್ಟೋ ಪಿನ್ ನೆನಪಾತಂತ ಪಿನ್ ತೊಗೊಂಡು ಚುಚ್ಚಲಿಕ್ಕೆ ಹೋಗಬ್ಯಾಡ್ರಿ. ಹಿತ್ತಾಳಿ ಮೆತ್ತಗ, ತೂತು ಕೂದಲೆಳಿಯಷ್ಟು ದೊಡ್ಡದಾದ್ರೂ ಅಳತಿ ಕೆಡ್ತದ, ಆಮ್ಯಾಲೆ ಹೊಸಾ ಜೆಟ್ಟ ಗತಿ. ವಾಟ್ಯಾಗ ಸ್ವಲ್ಪ ಪೆಟ್ರೋಲ್ ಹಾಕಿ ಅರ್ಧ ತಾಸು ನೆನಸಿಟ್ಟೆ, ಹಲ್ಲುಜ್ಜೂ ಬ್ರಶ್ಶಿನ ಒಂದು ಎಳಿ ಕಿತ್ತು ಹಾಯಿಸಿದೆ, ಸೈಕಲ್ ಪಂಪಿನಿಂದ ಗಾಳಿ ಹೊಡದೆ. ಮತ್ತ ಆಕಾಶಕ್ಕ ಹಿಡದೆ. ಸೂಜಿಮೊನಿಯಷ್ಟು ದುಂಡ ಬೆಳಕು! ಮೊದಲನೇ ಮೊಮ್ಮಗಳ ಮಾರಿ ನೋಡಿದಾಗೂ ಇಷ್ಟು ಖುಷಿ ಆಗಿರಲಿಲ್ಲ ಅಂದ್ರ ಮಗಳು ಸಿಟ್ಟಾಗ್ತಾಳ, ಹಂಗಾಗಿ ಅನ್ನಂಗಿಲ್ಲ.

ಜಾಳಗಿ ತೊಳದೆ. ಕಾರ್ಬೊರೇಟರ್ ಹಿಡದಿಟ್ಟ ಎರಡು ನಟ್ ಸಡಿಲ ಆಗಿಲ್ಲಲ್ಲ ಅಂತ ನೋಡಿದೆ. ಸಡಿಲ ಇದ್ರ ಕೆಳಗಿಂದ ಕಳ್ಳ ಗಾಳಿ ಹೊಕ್ಕು ಗಾಡಿ ತನಗ ತಾನ ಏರಿಳೀತದ, ಭಾಳ ಬಿಗದ್ರ ಕಾರ್ಬೊರೇಟರ್ ಮೈನ ಸೊಟ್ಟ ಆಗ್ತದ. ಎಲ್ಲಾ ಹಾಕಿ, ಹತ್ತು ನಿಮಿಷ ಓಡಿಸಿ ಬಿಸಿ ಮಾಡಿದ ಮ್ಯಾಲೆ ಹೊಂದಿಸಿದೆ. ಡಬ್ಬಿ ಹಿಂದ ಒಂದು ಸಣ್ಣ ಸ್ಕ್ರೂ ಇರ್ತದ, ಗಾಳಿ ಪೆಟ್ರೋಲಿನ ಹದ ಅಲ್ಲೇ. ಅದನ್ನ ಮೆಲ್ಲಕ ಪೂರ್ತಿ ಒಳಗ ಹಾಕಿ, ಒಂದೂವರಿ ಸುತ್ತು ಹೊರಗ ತೆಗದೆ. ಆಮ್ಯಾಲೆ ಗಾಡಿ ಚಾಲೂ ಮಾಡಿ ಕಾಲು ಕಾಲು ಸುತ್ತು ಆ ಕಡೆ ಈ ಕಡೆ, ಪ್ರತಿ ಸಲ ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳೂದು. ಎಲ್ಲೆ ಸಪ್ಪಳ ಒಂದ ಸಮ, ಜೋರಾಗಿ ಬರ್ತದೋ ಅಲ್ಲೆ ನಿಂದ್ರಿಸೂದು. ಕಟ್ಟಕಡೀಕೆ ಐಡಲ್ ಸ್ಕ್ರೂ ಇಳಿಸಿ ಸಮಾಧಾನಕ್ಕ ತರೂದು. ಪಾಕದ ಹದ ನೋಡಿದಂಗ, ಯಾರರೆ ಹೇಳಿಕೊಟ್ರ ಬರೂದಿಲ್ಲ, ಕಿವಿಗೆ ಗೊತ್ತಾಗಬೇಕು. ಆಕ್ಸಿಲರೇಟರ್ ಏರಿಸಿ ಫಕ್ಕನ ಬಿಟ್ಟು ನೋಡಿದೆ. ಇಳದು ಬಂದು ಅಲ್ಲೇ ಡುಗುಡುಗು ಅಂತ ನಿಂತಿತು. ಸಾಯಲಿಲ್ಲ, ಕೂಗಲಿಲ್ಲ.

ಖರ್ಚು? ವಾಟಿ ಪೆಟ್ರೋಲು ಮತ್ತ ಒಂದು ಹಳೇ ಬ್ರಶ್ಶು.

ಇನ್ನ ನಿಮ್ಮ ತಕರಾರಿಗೆ ಬರ್ತೀನಿ. ಮೂಲಿಮನಿ ವೈನಿ ಅಂದ್ರು, ಪೆಟ್ರೋಲ್ ಅಪಾಯ ಅಂತ. ಹೌದು, ಇದರಾಗ ಎರಡು ಮಾತಿಲ್ಲ. ಪೆಟ್ರೋಲ್ ಚಿಮಣಿ ಎಣ್ಣಿ ಅಲ್ಲ. ಅದರ ಹಬೆ ನೆಲ ಹಿಡದು ಹರದು ಹೋಗಿ ದೂರದ ದೀಪಕ್ಕೂ ಬೆಂಕಿ ಹತ್ತಿಸ್ತದ. ಬಯಲಾಗ ಮಾಡ್ರಿ. ದೇವರ ದೀಪ, ಒಲಿ, ಗ್ಯಾಸು, ಊದಿನಕಡ್ಡಿ ಎಲ್ಲಾ ಆರಿಸಿದ ಮ್ಯಾಲೆ ಮಾಡ್ರಿ. ಸೆರಗು ಸೊಂಟಕ್ಕ ಸಿಗಸ್ರಿ, ಕೂಸುಗಳನ್ನ ದೂರ ಇಡ್ರಿ. ಆದ್ರ ಅಪಾಯ ಅಂದ್ರ ನಾವು ದಿನಾ ಅಪಾಯದ ಮುಂದ ನಿಂತು ಅಡಗಿ ಮಾಡೀವಿ. ಸ್ಟೋ ಸಿಡದು ಸುಟ್ಟ ಹೆಣ್ಮಕ್ಕಳ ಸುದ್ದಿ ಕೇಳಲಾರದವರು ನಮ್ಮ ವಯಸ್ಸಿನವರೊಳಗ ಯಾರರೆ ಇದ್ದೀರೇನು? ಆವಾಗ "ಅಪಾಯ, ನೀ ಸ್ಟೋ ಮುಟ್ಟಬ್ಯಾಡ" ಅಂತ ಒಬ್ಬ ಗಂಡಸೂ ಅಂದಿರಲಿಲ್ಲ.

ಎರಡನೇದು, ಮಿಸ್ತ್ರಿ ಹೊಟ್ಟಿ ಮ್ಯಾಲೆ ಹೊಡೀತೀರಿ ಅಂತ. ಇಲ್ಲ. ಬ್ರೇಕು, ಕ್ಲಚ್ ಪ್ಲೇಟು, ಎಂಜಿನ್ ಕೆಲಸ ಅವರದ, ನಾ ಮುಟ್ಟಂಗಿಲ್ಲ, ನೀವೂ ಮುಟ್ಟಬ್ಯಾಡ್ರಿ. ಛಲೋ ಮಿಸ್ತ್ರಿ ಸಿಕ್ರ ಕೈ ಮುಗದು ರೊಕ್ಕ ಕೊಡ್ರಿ. ಈಗಿನ ಹುಡುಗರನ್ನೂ ಬಯ್ಯೂದಿಲ್ಲ. 2020ರ ಏಪ್ರಿಲ್‌ದಿಂದ ಹೊಸಾ ಹೊಗಿ ನಿಯಮ ಬಂದು ಬಹಳಷ್ಟು ಗಾಡಿಗೆ ಕಾರ್ಬೊರೇಟರ ಇಲ್ಲ, ಅವರು ಕಲ್ತದ್ದ ಬ್ಯಾರೆ. ಆದ್ರ ಸ್ಕ್ರೂ ತಿರುವಿದ್ದಕ್ಕ ರೊಕ್ಕ ತೊಗೊಂಡು ರೋಗ ವಾಸಿ ಆತು ಅನ್ನೂದು ಕೆಲಸ ಅಲ್ಲ. "ಪೈಲಟ್ ಜೆಟ್ ತೆಗದು ನೋಡಿದ್ಯೇನಪಾ?" ಅಂತ ನೀವು ಒಂದ ಪ್ರಶ್ನಿ ಕೇಳ್ರಿ. ಅಂವ ಮೊಮ್ಮಗನ ಮಾರಿ ನೋಡೂದು ಬಿಟ್ಟು ನಿಮ್ಮ ಮಾರಿ ನೋಡ್ತಾನ.

ಮೂರನೇದು, ಮಗಂದು. "ಹಳೇ ಟೂ ಸ್ಟ್ರೋಕ್, ಹೊಗಿ ಬಿಡ್ತದ, ಮಾರಿ ಬ್ಯಾಟರಿ ಗಾಡಿ ತೊಗೋ." ಇದು ತೂಕದ ಮಾತು, ನಾ ಒಪ್ಪತೀನಿ. ಹೊಗಿ ತಪಾಸಣಿ ದಾಟೂ ತನಕ ಇಟ್ಟು, ದಾಟಲಿಲ್ಲ ಅಂದ್ರ ನಾನ ಬಿಡ್ತೀನಿ. ಆದ್ರ ಆ ನಿರ್ಧಾರ ನಂದಾಗಬೇಕು. ಅರ್ಧ ಮಿಲಿಮೀಟರಿನ ಕಸಕ್ಕ ಹೆದರಿ ನಮ್ಮಪ್ಪನ ಗಾಡಿ ಗುಜರಿಗೆ ಹಾಕಿ, ಮತ್ತ ಹಿಂದಿನ ಸೀಟಿಗೆ ಹೋಗಿ ಕೂಡಂಗಿಲ್ಲ.

ಕಡೇ ತಕರಾರು ನಿಮ್ಮದ, ನನ್ನ ಅಕ್ಕತಂಗೇರದು. "ನಮಗ್ಯಾಕ ಬೇಕವಾ ಅದೆಲ್ಲಾ, ನಮಗೇನು ತಿಳೀತದ." ಇದೊಂದು ಮಾತು ಕೇಳಿದ್ರ ನನಗ ಮೈ ಉರೀತದ. ಗಂಡಸರು ಅಂದ್ರ ಅವರಿಗೆ ಅನುಕೂಲ, ಅದಕ್ಕ ಅಂತಾರ. ನಾವ್ಯಾಕ ಅಂತೀವಿ? ಗೊತ್ತಿದ್ದದ್ದನ್ನ ಗೊತ್ತಿಲ್ಲ ಅಂತ ಹೇಳ್ಕೋತ ನಲವತ್ತು ವರ್ಷ ಕಳದೀವಿ. ಮಗಳಿಗೂ ಅದನ್ನ ಕಲಸೀವಿ. ನನ್ನ ಮೊಮ್ಮಗಳು ಅವತ್ತು ಸೈಕಲ್ ಪಂಪ್ ಹಿಡದು ನಿಂತಿದ್ಲು, ಆರು ವರ್ಷದ ಕೂಸು. ಜೆಟ್ ಆಕಾಶಕ್ಕ ಹಿಡದು "ಅಜ್ಜಿ, ಚುಕ್ಕಿ ಕಾಣ್ತದ" ಅಂದ್ಲು. ಆಕಿ ಬಾಯಾಗ ಈ ಮಾತು ಬರಬಾರದು.

ಬರೂ ರವಿವಾರ ಮಧ್ಯಾಹ್ನ ಊಟ ಆದ ಮ್ಯಾಲೆ ನಮ್ಮ ಹಿತ್ತಲಕ್ಕ ಬರ್ರಿ. ಹಿಂದಿನ ಮನಿಯವರ ಎಲ್‌ಎಂಎಲ್ ಗಾಡಿ ಇದ ರೋಗದಾಗ ಅದ, ಕಾರ್ಬೊರೇಟರೂ ಇದ ನಮೂನಿದು. ಅದನ್ನ ಕೂಡಿ ಬಿಚ್ಚೋಣು. ಚಕ್ಕಲಿ ಮಾಡಿಟ್ಟಿರ್ತೀನಿ, ಚಹಾ ನಮ್ಮನಿಯವರು ಮಾಡ್ತಾರ. ಹಳೇ ಬ್ರಶ್ಶು, ಬಿಳೇ ಅರವಿ ತರ್ರಿ. ಸ್ಟೋ ಪಿನ್ ಮಾತ್ರ ಮನ್ಯಾಗ ಬಿಟ್ಟು ಬರ್ರಿ.